ಫ್ರೀ ಅಪ್ ಸ್ಪೇಸ್ ಒತ್ತಿದ್ರೆ ಒರಿಜಿನಲ್ ಫೋಟೋ ಉಳಿಯುತ್ತಾ?

ಚಿತ್ರಗುಚ್ಛ:
ಎಲ್ರಿಗೂ ನಮಸ್ಕಾರ. ಫೋನ್ ಸ್ಟೋರೇಜ್ ತುಂಬಿಹೋಗಿದೆ, ಕ್ಯಾಮೆರಾ ಓಪನ್ ಮಾಡಿದ್ರೆ ಸಾಕು ಜಾಗ ಇಲ್ಲ ಅಂತ ಬರ್ತಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದೆ, ಎಲ್ಲಾ ಅಪ್‌ಲೋಡ್ ಆಗಿದೆ ಅಂತಾನೇ ತೋರಿಸ್ತಿದೆ, ಈಗ "ಫ್ರೀ ಅಪ್ ಸ್ಪೇಸ್" ಒತ್ತಿ ಅಂತ ಆ್ಯಪ್ಪೇ ಹೇಳ್ತಿದೆ ಆದ್ರೆ ಒತ್ತೋಕೆ ಧೈರ್ಯ ಬರ್ತಿಲ್ಲ. ಮಗಳು ಹುಟ್ಟಿದಾಗಿಂದ ತೆಗೆದ ಫೋಟೋಗಳು, ಅಪ್ಪ ಅಮ್ಮನ ಹಳೇ ಆಲ್ಬಮ್ ಸ್ಕ್ಯಾನ್ ಮಾಡಿ ಒಂದೊಂದಕ್ಕೂ ಕೂತು ತಾರೀಖು ಹಾಕಿರೋದು, ಎಲ್ಲಾ ಅದರಲ್ಲೇ ಇದೆ. ಫೋನಿಂದ ಹೋದ್ರೆ ಕ್ಲೌಡಿಂದಾನೂ ಹೋಗುತ್ತಾ? ಇನ್ನೊಂದು, ಲ್ಯಾಪ್‌ಟಾಪ್‌ನಲ್ಲಿ ಫೋಟೋ ಎಡಿಟ್ ಮಾಡೋಕೆ ಲೈಟ್‌ರೂಮ್ ಕ್ಲಾಸಿಕ್ ಬಳಸ್ತೀನಿ, ಅದರಲ್ಲಿ ಸಿಂಕ್ ಆನ್ ಮಾಡಿದ್ರೆ ಅದೇ ಒಂದು ಬ್ಯಾಕಪ್ ಆದಂಗೆ ಆಗಲ್ವಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇಲೆನ್ಸ್:
ಕ್ಲೌಡಿಂದ ಹೋಗಲ್ಲ. ಫ್ರೀ ಅಪ್ ಸ್ಪೇಸ್ ಅಳಿಸೋದು ಬ್ಯಾಕಪ್ ಆಗಿರೋ ಫೋಟೋಗಳ ಫೋನ್ ಕಾಪಿ ಮಾತ್ರ, ಆ ಭಯ ಬೇಡ. ಆದ್ರೆ ಒತ್ತೋಕೆ ಮುಂಚೆ ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ಕ್ವಾಲಿಟಿ ಅಂತಿದೆಯಲ್ಲ, ಅದನ್ನ ದಯವಿಟ್ಟು ನೋಡಿ. "ಸ್ಟೋರೇಜ್ ಸೇವರ್" ಅಂತಿದ್ರೆ ಮೇಲೆ ಹೋಗಿರೋದು ನಿಮ್ಮ ಒರಿಜಿನಲ್ ಅಲ್ಲ. 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋನ 16ಕ್ಕೆ ಇಳಿಸುತ್ತೆ, ಅದಕ್ಕಿಂತ ಚಿಕ್ಕದನ್ನೂ ಕಂಪ್ರೆಸ್ ಮಾಡುತ್ತೆ, 4ಕೆ ವಿಡಿಯೋ ಇದ್ರೆ 1080 ಪಿಗೆ ಬರುತ್ತೆ. ಫೋನ್ ಸ್ಕ್ರೀನಲ್ಲಿ ನೋಡೋಕೆ ವ್ಯತ್ಯಾಸಾನೇ ಕಾಣಲ್ಲ, ಮುಂದೆ ಕ್ರಾಪ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕ್ಸೋಕೆ ಹೋದಾಗ ಕಾಣುತ್ತೆ. ಅಂದ್ರೆ ಫುಲ್ ಕ್ವಾಲಿಟಿ ಇರೋದು ಫೋನಲ್ಲಿ ಒಂದೇ ಕಡೆ, ನೀವು ಬಟನ್ ಒತ್ತಿದ್ರೆ ಅಳಿಸಿ ಹೋಗೋದು ಅದೇ!

ಈಗ ಸೆಟ್ಟಿಂಗ್ ಬದಲಾಯಿಸಿದ್ರೂ ಈಗಾಗ್ಲೇ ಹೋಗಿರೋ ಫೋಟೋಗಳು ತಾನಾಗೇ ಒರಿಜಿನಲ್ ಆಗಲ್ಲ, ಮುಂದಿನದಕ್ಕೆ ಮಾತ್ರ ಅನ್ವಯ. ಒಂದೊಂದು ಫೋಟೋದ ಡೀಟೇಲ್ಸ್ ತೆಗೆದು ನೋಡಿದ್ರೆ ಯಾವ ಕ್ವಾಲಿಟೀಲಿ ಹೋಗಿದೆ ಅಂತ ಅಲ್ಲೇ ಬರೆದಿರುತ್ತೆ. ಹಾಗಾಗಿ ನಾನು ಹೇಳೋದು, ಮೊದಲು ಫೋನ್‌ನ ಕೇಬಲ್ ಹಾಕಿ ಪೂರ್ತಿ ಕ್ಯಾಮೆರಾ ಫೋಲ್ಡರನ್ನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ, ಅಲ್ಲೊಂದು ಇಲ್ಲೊಂದು ಫೋಟೋ ತೆರೆದು ನೋಡಿ, ಆಮೇಲೆ ಧಾರಾಳವಾಗಿ ಒತ್ತಿ.

ಮೋಡದಾಚೆ:
ಮೇಲಿನೋರು ಹೇಳಿದ್ದು ಸರಿ. ಅದರ ಜೊತೆ ಇದನ್ನೂ ನೋಡ್ಕೊಳ್ಳಿ, ಫ್ರೀ ಅಪ್ ಸ್ಪೇಸ್ ಬೇರೆ, ಅದೇ ಆ್ಯಪಲ್ಲಿ ಫೋಟೋ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತೋದು ಬೇರೆ. ಡಿಲೀಟ್ ಒತ್ತಿದ್ರೆ ಫೋನಲ್ಲೂ ಕ್ಲೌಡಲ್ಲೂ ಎರಡೂ ಕಡೆ ಹೋಗುತ್ತೆ. ಬ್ಯಾಕಪ್ ಆಗಿರೋದಾದ್ರೆ 60 ದಿನ ಟ್ರ್ಯಾಶಲ್ಲಿ ಇರುತ್ತೆ, ಆಮೇಲೆ ಮುಗೀತು. ಐಫೋನಿನ ಐಕ್ಲೌಡ್ ಫೋಟೋಸ್ ಬಳಸೋರಿಗೂ ಇದೇ ಕಥೆ, ಒಂದು ಕಡೆ ಅಳಿಸಿದ್ರೆ ಎಲ್ಲಾ ಡಿವೈಸಲ್ಲೂ ಅಳಿಸುತ್ತೆ, ಅಲ್ಲಿ 30 ದಿನ ಅಷ್ಟೇ. ಜನ ಇದನ್ನ ಬ್ಯಾಕಪ್ ಅಂದ್ಕೊಂಡು ಜಾಗ ಮಾಡೋಕೆ ಅಂತ ಫೋನಲ್ಲಿ ಅಳಿಸ್ತಾರೆ, ನನಗಂತೂ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸಿಂಕ್ ಅಂದ್ರೆ ಕನ್ನಡಿ ಇದ್ದಂಗೆ, ಇಲ್ಲಿ ಇಲ್ಲದ್ದು ಅಲ್ಲೂ ಇರಲ್ಲ.

ಫ್ರೀ ಸ್ಪೇಸ್ ವಿಷಯ: ಗೂಗಲ್‌ದು 15 ಜಿಬಿ, ಅದೂ ಜಿಮೇಲ್ ಮತ್ತೆ ಡ್ರೈವ್ ಎಲ್ಲಾ ಸೇರಿ. 2021ರ ಜೂನ್ 1ಕ್ಕಿಂತ ಮುಂಚೆ "ಹೈ ಕ್ವಾಲಿಟಿ"ಲಿ (ಸ್ಟೋರೇಜ್ ಸೇವರ್‌ನ ಹಳೇ ಹೆಸರು) ಹಾಕಿರೋದು ಲೆಕ್ಕಕ್ಕೆ ಬರಲ್ಲ. ಐಕ್ಲೌಡ್‌ದು 5 ಜಿಬಿ. ಒರಿಜಿನಲ್ ಇಡ್ಬೇಕಂದ್ರೆ ಎರಡೂ ಸಾಲಲ್ಲ, ದುಡ್ಡು ಕೊಡ್ಲೇಬೇಕು.

ಕತ್ತಲೆಕೋಣೆ:
ಲೈಟ್‌ರೂಮ್ ಬಗ್ಗೆ ನಾನು ಹೇಳ್ತೀನಿ. ಕ್ಲಾಸಿಕ್‌ನಿಂದ ಸಿಂಕ್ ಮಾಡಿದ್ರೆ ಕ್ಲೌಡಿಗೆ ಹೋಗೋದು ಸ್ಮಾರ್ಟ್ ಪ್ರಿವ್ಯೂ ಅನ್ನೋ ಚಿಕ್ಕ ಕಾಪಿ ಮಾತ್ರ, ಉದ್ದದ ಬದಿ 2560 ಪಿಕ್ಸೆಲ್. ಒರಿಜಿನಲ್ ರಾ ಫೈಲ್ (ಕ್ಯಾಮೆರಾ ಕೊಡೋ ಕಚ್ಚಾ ಫೈಲ್) ನಿಮ್ಮ ಲ್ಯಾಪ್‌ಟಾಪಲ್ಲೇ ಕೂತಿರುತ್ತೆ. ಫೋನಿಂದ ಎಡಿಟ್ ಮಾಡೋಕೆ, ಯಾರಿಗಾದ್ರೂ ತೋರ್ಸೋಕೆ ಅದು ಧಾರಾಳ ಸಾಕು, ಆದ್ರೆ ಲ್ಯಾಪ್‌ಟಾಪ್ ಡಿಸ್ಕ್ ಹೋದ ದಿನ ಆ ಪ್ರಿವ್ಯೂ ಇಟ್ಕೊಂಡು ಒರಿಜಿನಲ್ ವಾಪಸ್ ತರೋಕಾಗಲ್ಲ. ಅದೇ ಫೋನಿನ ಲೈಟ್‌ರೂಮ್ ಆ್ಯಪಿಂದ ಸೇರಿಸಿದ ಫೋಟೋ ಆದ್ರೆ ಪೂರ್ತಿ ಒರಿಜಿನಲ್ಲೇ ಮೇಲೆ ಹೋಗುತ್ತೆ. ಎರಡೂ ಒಂದೇ ಹೆಸರಿನ ಸಾಫ್ಟ್‌ವೇರ್ ಆಗಿದ್ದಕ್ಕೆ ಈ ಗೊಂದಲ.

ಕ್ಲಾಸಿಕ್‌ನಲ್ಲಿ ಮಾಡಿದ ಎಡಿಟ್‌ಗಳು ಕ್ಯಾಟಲಾಗ್ ಅನ್ನೋ ಅದರದೇ ಬೇರೆ ಫೈಲಲ್ಲಿ ಇರ್ತವೆ, ಫೋಟೋ ಒಳಗಲ್ಲ. ಹಾಗಾಗಿ ಫೋಟೋ ಫೋಲ್ಡರ್ ಜೊತೆ ಕ್ಯಾಟಲಾಗನ್ನೂ ಹಾರ್ಡ್ ಡಿಸ್ಕಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಫೋಟೋ ಉಳಿದ್ರೂ ಅದರ ಮೇಲೆ ಮಾಡಿದ ಕೆಲಸ ಎಲ್ಲಾ ಹೋಗುತ್ತೆ.

ಚಿತ್ರಗುಚ್ಛ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗ್ಲೇ ನೋಡ್ದೆ, ಸ್ಟೋರೇಜ್ ಸೇವರ್ ಅಂತಾನೇ ಇದೆ! ಮೊದಲು ಹಾರ್ಡ್ ಡಿಸ್ಕಿಗೆ ಹಾಕ್ತೀನಿ. ಸ್ಕ್ಯಾನ್ ಮಾಡಿದ ಹಳೇ ಫೋಟೋಗಳಿಗೆ ಗೂಗಲ್ ಫೋಟೋಸ್‌ನಲ್ಲೇ ತಾರೀಖು ಹಾಕಿದೀನಲ್ಲ, ಅವನ್ನ ಡೌನ್‌ಲೋಡ್ ಮಾಡ್ಕೊಂಡ್ರೆ ತಾರೀಖು ಜೊತೆಗೇ ಬರುತ್ತಾ?

ಹಳೇಲೆನ್ಸ್:
ಒಳ್ಳೇ ಪ್ರಶ್ನೆ ಕೇಳಿದ್ರಿ, ಇದು ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಅಲ್ಲಿ ಬದಲಾಯಿಸಿದ ತಾರೀಖು ಗೂಗಲ್ ಹತ್ರ ಇರುತ್ತೆ, ಫೋಟೋ ಫೈಲ್ ಒಳಗೆ ಬರೆದಿರಲ್ಲ. ಗೂಗಲ್ ಟೇಕ್‌ಔಟ್‌ನಿಂದ (ನಮ್ಮ ಡೇಟಾ ಎಲ್ಲಾ ಒಟ್ಟಿಗೆ ಇಳಿಸ್ಕೊಳ್ಳೋ ಗೂಗಲ್ ಸೇವೆ) ಡೌನ್‌ಲೋಡ್ ಮಾಡಿ, ಆಗ ಫೋಟೋಗಳ ಜೊತೆ ಜೇಸನ್ (.json) ಅನ್ನೋ ಚಿಕ್ಕ ಟೆಕ್ಸ್ಟ್ ಫೈಲುಗಳೂ ಬರ್ತವೆ. ಕಸ ಅಂತ ಅಳಿಸೋಕೆ ಹೋಗ್ಬೇಡಿ, ನೀವು ಕೂತು ಹಾಕಿದ ತಾರೀಖು ಇರೋದು ಅದರಲ್ಲೇ. ನೋಟ್‌ಪ್ಯಾಡಲ್ಲಿ ತೆರೆದ್ರೆ "ಫೋಟೋ ಟೇಕನ್ ಟೈಮ್" ಅನ್ನೋ ಕಡೆ ಒಂದು ಉದ್ದನೆ ನಂಬರ್ ಕಾಣುತ್ತೆ, 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯ್ತು ಅನ್ನೋ ಲೆಕ್ಕ ಅದು, ಅದಕ್ಕೂ ಹಿಂದಿನ ಫೋಟೋ ಆದ್ರೆ ನಂಬರ್ ಮೈನಸ್ಸಲ್ಲಿರುತ್ತೆ. ಎಕ್ಸಿಫ್‌ಟೂಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಜೇಸನ್‌ನಲ್ಲಿರೋ ತಾರೀಖನ್ನ ಫೋಟೋ ಒಳಗೇ ಬರೆಯುತ್ತೆ. ಪೂರ್ತಿ ಫೋಲ್ಡರ್ ಮೇಲೆ ಒಂದೇ ಸಲ ಓಡಿಸ್ಬೇಡಿ, ನಾಲ್ಕೈದು ಫೋಟೋನ ಬೇರೆ ಕಡೆ ಕಾಪಿ ಮಾಡ್ಕೊಂಡು ಅದರ ಮೇಲೆ ಮೊದಲು ಟ್ರೈ ಮಾಡಿ. ಕಮಾಂಡ್ ಬೇಕಿದ್ರೆ ಇಲ್ಲೇ ಕೇಳಿ, ಬರೆದು ಹಾಕ್ತೀನಿ.