ತಿಮಿಂಗಿಲ ಶಾರ್ಕ್‌ಗಳನ್ನು ಒಂದೊಂದಾಗಿ ಗುರುತಿಸುವುದು ಹೇಗೆ?

ಪ್ರಶ್ನೆ
ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಹವಳದ ದಿಬ್ಬಗಳ ಬಳಿ ವರ್ಷವರ್ಷವೂ ತಿಮಿಂಗಿಲ ಶಾರ್ಕ್‌ಗಳು ಸೇರುತ್ತವೆ. ಹಿಂದೆ ಕಂಡದ್ದೇ ಮರಳಿ ಬಂದಿದೆಯೆಂದು ಸಂಶೋಧಕರು ಖಚಿತವಾಗಿ ಹೇಳುತ್ತಾರೆ. ಮೈಮೇಲಿನ ಬಿಳಿ ಚುಕ್ಕೆಗಳೇ ಗುರುತು ಎಂದು ಓದಿದ್ದೇನೆ. ಆದರೆ ಮೀನು ಬೆಳೆದಂತೆ ಚುಕ್ಕೆಗಳ ನಡುವಿನ ಅಂತರವೂ ಹೆಚ್ಚುವುದರಿಂದ, ಹಳೆಯ ಚಿತ್ರಕ್ಕೂ ಹೊಸದಕ್ಕೂ ತಾಳೆ ನೋಡುವುದು ಹೇಗೆ?

ಉತ್ತರ 1
ಅಂತರವನ್ನು ಅಳೆಯುವುದೇ ಇಲ್ಲ. ಐದನೆಯ ಕಿವಿರು ಸೀಳಿನ ಹಿಂದೆ, ಪಕ್ಕದ ಈಜುರೆಕ್ಕೆಯ ಮೇಲ್ಭಾಗದಲ್ಲಿರುವ ಚುಕ್ಕೆಗಳನ್ನು ಮೂರುಮೂರಾಗಿ ಜೋಡಿಸಿ ತ್ರಿಕೋನಗಳನ್ನು ರಚಿಸಿ, ಅವುಗಳ ಆಕಾರವನ್ನಷ್ಟೇ ಹೋಲಿಸುತ್ತಾರೆ. ಚಿತ್ರ ಹಿರಿದಾಗಲಿ ಕಿರಿದಾಗಲಿ, ಬಾಹುಗಳ ಅನುಪಾತ ಬದಲಾಗದು. ಈ ಗಣಿತ ಬಂದದ್ದು ಖಗೋಳಶಾಸ್ತ್ರದಿಂದ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳನ್ನು ತಾಳೆ ಹಾಕಲು ಎಡ್ವರ್ಡ್ ಗ್ರಾಥ್ 1986ರಲ್ಲಿ ಪ್ರಕಟಿಸಿದ ವಿಧಾನವನ್ನು ಖಭೌತವಿಜ್ಞಾನಿ ಜಾವೆನ್ ಅರ್ಜುಮಾನಿಯನ್, ತಂತ್ರಾಂಶ ತಜ್ಞ ಜೇಸನ್ ಹೋಂಬರ್ಗ್ ಮತ್ತು ನಿಂಗಲೂವಿನ ಕಡಲಜೀವಿ ವಿಜ್ಞಾನಿ ಬ್ರಾಡ್ ನಾರ್ಮನ್ ಶಾರ್ಕ್‌ಗಳಿಗೆ ಅಳವಡಿಸಿ, 2005ರಲ್ಲಿ ಪ್ರಕಟಿಸಿದರು. ಮೂರು ಬೇರೆ ಬೇರೆ ಕ್ಷೇತ್ರದವರು ಒಂದು ಮೀನಿಗಾಗಿ ಕೂಡಿ ದುಡಿದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಮಾತ್ರ ತ್ರಿಕೋನಗಳೇ ವಿರೂಪಗೊಳ್ಳುವುದರಿಂದ, ಮೀನಿಗೆ ನೇರ ಎದುರಾಗಿ, ಪಕ್ಕದಿಂದ ತೆಗೆಯಬೇಕು. ಎಡಬಲಗಳ ವಿನ್ಯಾಸ ಒಂದೇ ಅಲ್ಲವಾದ್ದರಿಂದ ಎಡಭಾಗದ ಚಿತ್ರಕ್ಕೆ ಪ್ರಾಶಸ್ತ್ಯ.

ಉತ್ತರ 2
ಚುಕ್ಕೆಗಳು ಗುರುತನ್ನು ಹೇಳುತ್ತವೆಯೇ ಹೊರತು ವಯಸ್ಸನ್ನಲ್ಲ. ವಯಸ್ಸು ತಿಳಿಯಲು ಸತ್ತ ಮೀನಿನ ಬೆನ್ನುಮೂಳೆಯೇ ಬೇಕು. ಅದರಲ್ಲಿನ ಪಟ್ಟೆಗಳು ವರ್ಷಕ್ಕೊಂದರಂತೆ ಮೂಡುತ್ತವೆಯೇ ಎಂಬ ವಿವಾದವನ್ನು, ಶೀತಲ ಸಮರದ ಕಾಲದ ಅಣುಪರೀಕ್ಷೆಗಳಿಂದ ಸಮುದ್ರ ಸೇರಿದ ಇಂಗಾಲ-14ರ (ಇಂಗಾಲದ ವಿಕಿರಣಶೀಲ ರೂಪ) ನೆರವಿನಿಂದ 2020ರಲ್ಲಿ ಬಗೆಹರಿಸಲಾಯಿತು. ಪಾಕಿಸ್ತಾನದಲ್ಲಿ ದೊರೆತ ಸುಮಾರು 10 ಮೀಟರ್ ಉದ್ದದ ಮೀನೊಂದಕ್ಕೆ 50 ವರ್ಷವಾಗಿತ್ತು. ಇಷ್ಟು ನಿಧಾನವಾಗಿ ಬೆಳೆಯುವ ಜೀವಿಯನ್ನು ಬೇಟೆಯಾಡಿದರೆ ಸಂತತಿ ಚೇತರಿಸಿಕೊಳ್ಳುವುದು ಕಷ್ಟ.

ಉತ್ತರ 3
ಆ ಬೇಟೆ ನಮ್ಮ ಅರಬ್ಬೀ ಸಮುದ್ರದಲ್ಲೇ ನಡೆಯುತ್ತಿತ್ತು. ಗುಜರಾತಿನ ವೇರಾವಲ್ ಭಾಗದಲ್ಲಿ ಇದರ ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಆದರೆ ಮೀನುಗಾರರ ಮನಸ್ಸು ತಿರುಗಿದ್ದು 2004ರ ಬಳಿಕ, ರಾಮಕಥಾ ಪ್ರವಚನಕಾರ ಮುರಾರಿ ಬಾಪು ಇದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಹೇಳತೊಡಗಿದ ಮೇಲೆ. ಈಗ ಬಲೆಗೆ ಸಿಕ್ಕ ಮೀನನ್ನು ಅವರೇ ಬಲೆ ಕತ್ತರಿಸಿ ಬಿಡುತ್ತಾರೆ, ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಪುರಾವೆಗೆಂದು ಚಿತ್ರವನ್ನೂ ತೆಗೆಯುತ್ತಾರೆ. ಆ ಚಿತ್ರದಲ್ಲಿ ಕಿವಿರಿನ ಹಿಂಭಾಗ ಸ್ಪಷ್ಟವಾಗಿ ಬಿದ್ದಿದ್ದರೆ, ಮೊದಲ ಉತ್ತರದಲ್ಲಿ ಹೇಳಿದ ಹೋಲಿಕೆಗೂ ಅದು ಒದಗುತ್ತದೆ.