ಪದಚರ್ಚೆ: ಚರ್ಮ ‘ಜಗ್ಗುವುದು’ ಎಂದು ಬರೆದರೆ ಎಲ್ಲರಿಗೂ ತಿಳಿದೀತೇ?

ಮಾನ್ಯರೇ,

ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವ ಹೆಣ್ಣುಮಕ್ಕಳ ಕೈಗೆ ಕೊಡಲೆಂದು ಬಾಗಲಕೋಟೆಯಲ್ಲಿ ನಾವು ಕೆಲವರು ಸೇರಿ ಒಂದು ಕರಪತ್ರ ಸಿದ್ಧಪಡಿಸುತ್ತಿದ್ದೇವೆ. ಚಿಕಿತ್ಸೆ ನಡೆಯುವಾಗ ಚರ್ಮ ಕೆಂಪೇರುವುದು, ಉರಿಯುವುದು, ಸುಲಿಯುವುದು ಇವನ್ನೆಲ್ಲ ಹೇಳಲು ಮಾತಿನ ಬರವಿಲ್ಲ. ಅವು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ಇಳಿಯುತ್ತವೆ. ತೊಡಕಾಗಿರುವುದು ತಿಂಗಳುಗಳು, ಕೆಲವರಿಗೆ ವರ್ಷಗಳೇ ಕಳೆದ ಮೇಲೆ ಕಾಣಿಸಿಕೊಳ್ಳುವ ಬದಲಾವಣೆಗಳ ವಿಷಯದಲ್ಲಿ.

ಅವುಗಳಲ್ಲಿ ಮುಖ್ಯವಾದದ್ದು ಫೈಬ್ರೋಸಿಸ್. ವಿಕಿರಣದ ಪೆಟ್ಟು ಬಿದ್ದ ಜಾಗವನ್ನು ಮಾಯಿಸಲು ಹೊರಟ ದೇಹ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೆಣೆಯುತ್ತದೆ. ಚರ್ಮವೂ ಅದರ ಕೆಳಗಿನ ಪದರವೂ ದಪ್ಪಗಾಗಿ ಬಿಗಿದುಕೊಳ್ಳುತ್ತವೆ. ಒಗೆದ ಸೀರೆಯನ್ನು ಹಗ್ಗದ ಮೇಲೆ ಹರವಲು ಕೈ ಎತ್ತಿದರೆ ಕಂಕುಳಿನಿಂದ ಎದೆಯವರೆಗೆ ಯಾರೋ ಹಿಡಿದೆಳೆದಂತಾಗುತ್ತದೆ. ನಮ್ಮ ಕಡೆಯ ಹೆಂಗಸರು ಇದನ್ನು ‘ಚರ್ಮ ಜಗ್ಗುತ್ತದೆ’ ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಆದರೆ ಮೈಸೂರು ಕಡೆ ತೊಲೆ ಜಗ್ಗಿತು ಎಂದರೆ ಬಾಗಿತು, ಕುಸಿಯಿತು ಎಂದರ್ಥ. ಅಲ್ಲಿನವರು ಚರ್ಮ ಜೋತುಬಿದ್ದಿದೆ ಎಂದು ಓದಿಕೊಂಡರೆ ಅರ್ಥವೇ ತಲೆಕೆಳಗಾಗುತ್ತದೆ. ಹಗ್ಗಜಗ್ಗಾಟವನ್ನು ನಾಡಿನವರೆಲ್ಲ ಬಲ್ಲರು, ಹಾಗಾಗಿ ಎಳೆತದ ಅರ್ಥ ಅವರಿಗೂ ಹೊಳೆದೀತು ಎಂಬುದು ನನ್ನ ವಾದ. ದಕ್ಷಿಣದ ಗೆಳೆಯರು ಒಪ್ಪುತ್ತೀರಾ?

ಫೈಬ್ರೋಸಿಸ್ಸಿಗೆ ‘ತಂತೂಕರಣ’ ಎಂಬ ಪದ ಪಠ್ಯಪುಸ್ತಕಕ್ಕೆ ಸಲ್ಲುತ್ತದೆ, ಇಳಕಲ್ಲಿನ ನೇಕಾರರ ಮನೆಗೆ ಮುಟ್ಟುವುದಿಲ್ಲ. ‘ನಾರುಗಟ್ಟುವುದು’ ಅರ್ಥದ ಮಟ್ಟಿಗೆ ಕರಾರುವಾಕ್ಕಾಗಿದೆ. ಆದರೆ ನಾರುವುದೆಂದರೆ ಕೆಟ್ಟ ವಾಸನೆ ಬರುವುದೂ ಹೌದಲ್ಲ. ಮೈ ವಾಸನೆ ಬರುತ್ತದೆಯೇನೋ ಎಂದು ಮೊದಲೇ ಮುದುಡಿಕೊಂಡವಳಿಗೆ ಆ ಪದ ಬೇಡ. ಕರಡಿನಲ್ಲಿ ಒಬ್ಬರು ‘ಗಟ್ಟಿ ಗಂಟು’ ಎಂದು ಬರೆದಿದ್ದರು. ಅದನ್ನಂತೂ ನಾನು ಖಂಡಿತ ಒಪ್ಪಲಾರೆ. ಗಂಟು ಎಂದೊಡನೆ ರೋಗ ಮರಳಿತು ಎಂದೇ ಆಕೆ ತಿಳಿಯುತ್ತಾಳೆ. ಹೊಸ ಗಂಟು ಕೈಗೆ ಸಿಕ್ಕರೆ, ಚರ್ಮದ ಮೇಲೆ ನೇರಳೆ ಬಣ್ಣದ ಕಲೆ ಮೂಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ ಎಂದು ಅದೇ ಕರಪತ್ರ ಹೇಳುತ್ತದೆ. ಗಂಟು ಎಂಬ ಪದ ಆ ಎಚ್ಚರಿಕೆಗೆ ಮಾತ್ರ ಮೀಸಲಿರಬೇಕು.

‘ಸುಟ್ಟಿದೆ’ ಎಂಬುದೂ ಇಷ್ಟೇ ಅಪಾಯದ ಮಾತು. ಚಿಕಿತ್ಸೆಗೇ ಇಲ್ಲಿ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ವರ್ಷಗಳ ಮೇಲೆ ಚರ್ಮ ಬದಲಾದರೆ ಕರೆಂಟ್ ಇನ್ನೂ ಮೈಯೊಳಗೇ ಇದೆ ಎಂದುಕೊಂಡು ಮೊಮ್ಮಗುವನ್ನು ಎತ್ತಿಕೊಳ್ಳಲು ಅಂಜುವವರಿದ್ದಾರೆ. ಹೊರಗಿನ ಯಂತ್ರದಿಂದ ಬಿಟ್ಟ ಕಿರಣ ಯಂತ್ರ ನಿಂತ ಕ್ಷಣಕ್ಕೆ ಮುಗಿಯಿತು, ಮೈಯಲ್ಲಿ ಉಳಿಯುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿಸಬೇಕೆಂದಿದ್ದೇನೆ.

ಇನ್ನೊಂದು, ಟೆಲ್ಯಾಂಜಿಯೆಕ್ಟೇಸಿಯಾ. ಚರ್ಮದ ಮೇಲ್ಪದರದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ ಕೆಂಪು ಗೆರೆಗಳಾಗಿ ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಬಣ್ಣ ಮಾಸಿ, ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ಇದಕ್ಕೆ ‘ನೆತ್ತರೆಳೆ’ ಎಂದು ಹೊಸದಾಗಿ ಕಟ್ಟಿದ್ದೇನೆ. ಎಳೆ ಎಂಬ ಮಾತು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಚರ್ಮ ಕಪ್ಪಾಗಿಯೇ ಉಳಿಯುವುದಕ್ಕೆ ‘ಕಪ್ಪುಗಟ್ಟುವುದು’ ಸಾಕು. ಬೆವರಿನ ಮತ್ತು ಜಿಡ್ಡಿನ ಗ್ರಂಥಿಗಳು ಸೊರಗಿದ್ದರಿಂದ ಬರುವ ಒಣಗುವಿಕೆಗೆ ‘ಪಸೆ ಆರುವುದು’ ಎಂದಿದ್ದೇನೆ. ಅಂಥ ಚರ್ಮಕ್ಕೆ ಖಣದ ಕುಪ್ಪಸದ ಕಂಕುಳ ಹೊಲಿಗೆ ಉಜ್ಜಿದರೂ ಗೀರು ಬೀಳುತ್ತದೆ.

ಕೊನೆಯದಾಗಿ, ಇವೆಲ್ಲಕ್ಕೂ ಸೇರಿ ‘ಅಡ್ಡ ಪರಿಣಾಮ’ ಎಂದರೆ ಕಾಲದ ಮಾತು ಬಿಟ್ಟುಹೋಗುತ್ತದೆ. ‘ತಡಪರಿಣಾಮ’ ಎಂದು ಬರೆದರೆ ಪರಿಣಾಮ ತಡವಾಗಿ ಬರುತ್ತದೆ ಎಂದು ತಿಳಿಯುತ್ತದೆಯೋ, ಚಿಕಿತ್ಸೆ ತಡವಾದ್ದರ ಪರಿಣಾಮ ಎಂದು ತಿಳಿಯುತ್ತದೆಯೋ? ‘ವರ್ಷಗಳ ಮೇಲೆ ಬರುವ ತೊಂದರೆ’ ಎಂದು ಬಿಡಿಸಿ ಬರೆಯುವುದೇ ಮೇಲೆನ್ನಿಸುತ್ತಿದೆ.

ಉತ್ತರಿಸುವವರು ಬರೀ ಪದವನ್ನು ಕಳಿಸಬೇಡಿ. ವೈದ್ಯರ ಮುಂದೆ ಕುಳಿತ ಹೆಂಗಸು ಅದನ್ನು ಬಳಸಿ ಹೇಳಬಹುದಾದ ಒಂದು ವಾಕ್ಯವನ್ನೂ, ಆ ಮಾತು ಯಾವ ಊರಿನ ಕಡೆಯದು ಎಂಬುದನ್ನೂ ಬರೆಯಿರಿ.