‘ಪ್ಲಗ್’ ಎಂದರೆ ಯಾವ ತುದಿ?

ಬಲ್ಲವರಿಗೆ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಅಡಿಕೆ ಸುಲಿಯುವ ಯಂತ್ರದ ಪಕ್ಕದ ಗೋಡೆಗೆ ಅಂಟಿಸಲು ಒಂದು ಎಚ್ಚರಿಕೆಯ ಚೀಟಿ ಬರೆಯುತ್ತಿದ್ದೇನೆ. ಎರಡು ಪದ ಸಿಗದೆ ಕೆಲಸ ನಿಂತಿದೆ.

ನಮ್ಮಲ್ಲಿ ವಯರಿನ ತುದಿಯ ಮೂರು ಪಿನ್ನಿನದೂ ‘ಪ್ಲಗ್’, ಗೋಡೆಯ ಮೇಲಿನ ತೂತಿನದೂ ‘ಪ್ಲಗ್’. ‘ಪ್ಲಗ್ ಹಾಕು’, ‘ಪ್ಲಗ್ಗಿಗೆ ಹಾಕು’ ಎನ್ನುವಾಗ ವಿಭಕ್ತಿಯೊಂದೇ ನಮ್ಮನ್ನು ಕಾಯುತ್ತದೆ. ಅವಸರದಲ್ಲಿ ಅದೂ ಕಾಯುವುದಿಲ್ಲ.

ಹೋದ ವರ್ಷ ಕೊನೆಕೊಯ್ಲಿನ ಹೊತ್ತಿಗೆ ಕರೆಂಟು ಹೋಗಿತ್ತು. ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಕೊಡಲು ಎರಡೂ ತುದಿಗೆ ಪಿನ್ನಿರುವ ವಯರು ಮಾಡಿಕೊಂಡಿದ್ದೆವು. ಅದು ದೊಡ್ಡ ತಪ್ಪು. ‘ಪ್ಲಗ್ ತೆಗೆ’ ಎಂದು ಒಳಗಿನಿಂದ ಕೂಗಿದೆ. ನನ್ನ ಮನಸ್ಸಿನಲ್ಲಿದ್ದದ್ದು ಜನರೇಟರಿನ ಕಡೆಯದು. ತಮ್ಮನ ಮಗನಿಗೆ ಪ್ಲಗ್ ಎಂದರೆ ಗೋಡೆಯದು, ಅಲ್ಲಿಂದ ಕಿತ್ತ. ಕೈಯಲ್ಲಿ ಮೂರು ಹಿತ್ತಾಳೆಯ ಪಿನ್ನು, ಅದರಲ್ಲಿ 230 ವೋಲ್ಟ್, ಕಾಲಡಿಯಲ್ಲಿ ಒದ್ದೆ ಸಿಮೆಂಟು. ಓಡಿ ಹೋಗಿ ಜನರೇಟರ್ ಆರಿಸಿದೆ. ಹುಡುಗನಿಗೆ ಏನೂ ಆಗಲಿಲ್ಲ. ಆ ವಯರನ್ನು ಅಂದೇ ತುಂಡು ಮಾಡಿದೆ, ಲೈನು, ಜನರೇಟರು ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆ.

ನಿಯಮ ಸರಳ: ಕರೆಂಟು ಕೊಡುವ ತುದಿಯಲ್ಲಿ ತೂತಿರಬೇಕು, ಪಡೆಯುವ ತುದಿಯಲ್ಲಿ ಪಿನ್ನಿರಬೇಕು, ಆಗ ಬಿಚ್ಚಿದಾಗಲೂ ಕರೆಂಟಿರುವ ಲೋಹ ಬೆರಳಿಗೆ ಸಿಗುವುದಿಲ್ಲ. ಕಂಪ್ಯೂಟರಿನ ಬೆನ್ನು ನೋಡಿ, ಅಲ್ಲಿ ಪಿನ್ನು. ವಯರಿನ ತುದಿಯಲ್ಲಿ ತೂತು. ಮೂರು ಪಿನ್ನಿನಲ್ಲಿ ದಪ್ಪದ್ದು ಅರ್ಥ್, ಅಂದರೆ ನೆಲಕ್ಕೆ ಜೋಡಿಸುವ ಸುರಕ್ಷತೆಯ ಪಿನ್ನು. ಉಳಿದೆರಡಕ್ಕಿಂತ ಉದ್ದವಿರುವುದರಿಂದ ಅದು ಮೊದಲು ಕೂಡಿಕೊಳ್ಳುತ್ತದೆ, ಕೊನೆಗೆ ಬಿಡುತ್ತದೆ. ಎಷ್ಟು ಯೋಚಿಸಿ ಮಾಡಿದ್ದಾರೆ!

ಇದನ್ನು ಚೀಟಿಯಲ್ಲಿ ಹೇಗೆ ಬರೆಯಲಿ? ವೈರಿಂಗ್ ಮಾಡುವವರು ‘ಮೇಲ್’, ‘ಫೀಮೇಲ್’ ಎನ್ನುತ್ತಾರೆ. ‘ಮೇಲ್ ತುದಿ’ ಎಂದು ಬರೆದರೆ ನಮ್ಮ ಆಳುಗಳು ಮೇಲಿನ ತುದಿ ಎಂದೇ ಓದುತ್ತಾರೆ. ‘ಗಂಡು’, ‘ಹೆಣ್ಣು’ ಎಂದರೆ ಆಕಾರ ತಿಳಿಯುತ್ತದೆ, ಕರೆಂಟು ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ‘ಕೊಡುವ ತುದಿ’, ‘ಪಡೆಯುವ ತುದಿ’ ನನಗೆ ಇಷ್ಟವಾಗಿತ್ತು. ಆದರೆ ಪಿನ್ನು ತೂತಿನೊಳಗೆ ಹೋಗುವುದನ್ನು ನೋಡಿದವರು ಪಿನ್ನೇ ಕೊಡುವುದು ಎಂದುಕೊಳ್ಳುತ್ತಾರೆ. ಮನೆಯಲ್ಲಿ ಇಬ್ಬರನ್ನು ಕೇಳಿದೆ, ಇಬ್ಬರೂ ಹಾಗೆಯೇ ಹೇಳಿದರು.

ಮರಗೆಲಸದಲ್ಲಿ ಒಂದು ತೊಲೆಯ ತುದಿಯನ್ನು ಕೆತ್ತಿ ಇನ್ನೊಂದರ ಕುಳಿಗೆ ಕೂರಿಸುತ್ತಾರಲ್ಲ, ಆ ಎರಡು ಭಾಗಗಳಿಗೆ ನಿಮ್ಮೂರಿನ ಆಚಾರಿಗಳು ಏನು ಹೇಳುತ್ತಾರೆ? ಸಾಗರ, ಹೊಸನಗರ, ಶೃಂಗೇರಿ ಕಡೆಯವರು ಕೇಳಿ ತಿಳಿಸಿದರೆ ಆ ಜೋಡಿಯನ್ನೇ ಚೀಟಿಗೆ ಹಾಕಿ ನೋಡುತ್ತೇನೆ.